ತಕರಾರು ಐತ್ರಿ, ಸಾಹೇಬ್ರ!

ವಿಚಾರಣೆ ಜನರಿಗೆ ಅರ್ಥವಾಗದು ಎಂಬ ದೂರು ಸುಳ್ಳು. ಲಿಂಗಸುಗೂರು ಕೋರ್ಟಿನೆದುರಿನ ಚಾದಂಗಡಿಯೇ ಸಾಕ್ಷಿ.

ಸಿಂಧನೂರಿನ ಬಸಣ್ಣ: ಮಾವ, ‘ನೀನು ಅಲ್ಲೇ ಇದ್ದೆಲ್ಲ?’ ಅಂತ ನಮ್ಮ ವಕೀಲ್ರು ಕೇಳಿದ್ರ ಜಡ್ಜ್ ಸಾಹೇಬ್ರು ತಡದ್ರು. ಎದುರಿನವ್ರು ಹಂಗ ಕೇಳಿದ್ರ ಬಿಟ್ರು!

ಮಸ್ಕಿಯ ಮಲ್ಲಣ್ಣ: ಪಾಟೀಸವಾಲಿನ್ಯಾಗ ನಡೀತೈತಿ. ನಮ್ಮ ಸಾಕ್ಷಿಗೆ ನಾವೇ ಉತ್ತರ ಕಲಿಸಬಾರ್ದು.

ಬಸಣ್ಣ: ಖರೇ, ಅದು ಮನ್ಯಾಗ ಮುಗದಿತ್ತಲ್ಲ! ಕಾಗದಕ್ಕ ತಕರಾರು ತಗದ್ರ, ‘ಬರ್ಕೊಳ್ರಿ, ಕಡೀಗೆ ನೋಡೋಣು’ ಅಂದ್ರು.

ಮಲ್ಲಣ್ಣ: 2001ರಾಗ ಸುಪ್ರೀಂ ಕೋರ್ಟೇ ಹಂಗ ಹೇಳಿತ್ತು. ತಕರಾರಿಗೊಮ್ಮೆ ವಿಚಾರಣೆ ನಿಲ್ಲಬಾರ್ದಂತ.

ಬಸಣ್ಣ: ನಿಲ್ಲಾಕ ಮೊದಲು ಹೊಂಡಬೇಕಲ್ಲ?

ತಡವಾಯಿತೆನ್ನುವ ಆಕ್ಷೇಪಕ್ಕೂ ಮಲ್ಲಣ್ಣನಲ್ಲಿ ಉತ್ತರವಿದೆ: “ಅಶೋಕ ಕೊರೆಸಿದ್ದು ಯಾವಾಗ, ನಮ್ಮೂರಾಗ ಶಾಸನ ಸಿಕ್ಕಿದ್ದು 1915ರಾಗ. ಅವಸರ ಯಾಕೋ?”

“ಅದು ಕಲ್ಲು ಮಾವ, ತಡಕೊಂತು. ನಾನು ಫಿರ್ಯಾದಿ!”