ಆಯ್ಕೆಯ ಮಹಿಮೆ

ಹುಳಹುಪ್ಪಟೆಗಳ ಮ್ಯಾಕ್ರೊ ಛಾಯಾಗ್ರಹಣದಲ್ಲಿ ಫೋಟೊ ತೆಗೆಯುವುದು ಕಟ್ಟಕಡೆಯ, ಅಷ್ಟೇನೂ ಮುಖ್ಯವಲ್ಲದ ಹಂತ. ಮೊದಲ ದಿನವೇ ಈ ಸತ್ಯ ಕಂಡುಕೊಂಡ ಮಹನೀಯರೊಬ್ಬರು ಆಸ್ಟ್ರೇಲಿಯದ ಪರ್ತ್‌ನ ವೆಲ್ಷ್‌ಪೂಲ್‌ನಲ್ಲಿದ್ದಾರೆ. ಮೂಲ ಹಾಸನದ ಕಡೆ, ಕೆಲಸ ಇಲ್ಲಿನ ಗೋಡೌನೊಂದರಲ್ಲಿ. ಸುತ್ತ ತಗಡಿನ ಶೆಡ್ಡುಗಳು, ಕಂಟೇನರುಗಳು, ಪಕ್ಕದ ಕ್ಯೂಡೇಲ್‌ನಲ್ಲಿ ಗೂಡ್ಸ್ ಯಾರ್ಡು, ಲೀಚ್ ಹೈವೇ ತುಂಬ ಲಾರಿಗಳು. ಪ್ರಕೃತಿಯ ಗದ್ದಲವಿಲ್ಲ. ಲೆನ್ಸಿನ ಬಗ್ಗೆ ಏಕಾಗ್ರತೆಯಿಂದ ಚಿಂತಿಸಲು ಇದಕ್ಕಿಂತ ಪ್ರಶಸ್ತವಾದ ಜಾಗ ಸಿಗದು.

ಅವರ ಗುರಿ ನವಿಲು ಜೇಡ. ಮರಾಟಸ್ ಕುಲದ ಈ ಜೇಡದ ಗಂಡಿನ ಉದ್ದ 4-5 ಮಿಲಿಮೀಟರ್. ಇಲ್ಲಿನ ವಸಂತದಲ್ಲಿ, ಅಂದರೆ ಆಗಸ್ಟ್-ಸೆಪ್ಟೆಂಬರಿನ ಆಸುಪಾಸಿನಲ್ಲಿ, ಬಣ್ಣದ ಹೊಟ್ಟೆಯನ್ನು ಮೇಲೆತ್ತಿ, ಮೂರನೆಯ ಜೋಡಿ ಕಾಲು ಆಡಿಸುತ್ತ ಹೆಣ್ಣಿನ ಮುಂದೆ ಕುಣಿಯುತ್ತದೆ. ಬೇಸಿಗೆಯ ಹೊತ್ತಿಗೆ ಅದರ ಆಟ ಮುಗಿಯುತ್ತದೆ. ಸಿಡ್ನಿಯ ನುಸಿತಜ್ಞ ಯೂರ್ಗನ್ ಒಟ್ಟೊ ಈ ಕುಣಿತವನ್ನು ಸೆರೆಹಿಡಿದು ಲೋಕಕ್ಕೆಲ್ಲ ತೋರಿಸಿದರು. ನಮ್ಮವರು ಅಂಥ ದುಡುಕಿಗೆ ಕೈಹಾಕಲಿಲ್ಲ.

ಆಗಸ್ಟ್ ಲೆನ್ಸಿಗೆ ಮೀಸಲಾಯಿತು. 60 ಎಂಎಂ ಆದರೆ ಜೇಡದ ಮೂತಿಗೇ ಹೋಗಿ ನಿಲ್ಲಬೇಕು. ನೆರಳು ಬಿದ್ದು ಜೇಡ ಜಿಗಿಯುತ್ತದೆ. 180 ಆದರೆ ತೂಕ, ಬೆಲೆ, ಕೈನಡುಕ. ಹೊಸಬರಿಗೆ 90ರಿಂದ 105 ಸಾಕು ಎಂದು ತಿಳಿದವರೆಲ್ಲ ಹೇಳಿದರು. ಎಲ್ಲರೂ ಹೇಳಿದ್ದರಿಂದಲೇ ಅವರಿಗೆ ಅನುಮಾನ ಬಂತು. ಲೆಕ್ಕ ಹಾಕಿದರು: 1:1 ಎಂದರೆ 5 ಮಿಲಿಮೀಟರಿನ ಜೇಡ ಸೆನ್ಸರಿನ ಮೇಲೂ 5 ಮಿಲಿಮೀಟರೇ. ಸೆನ್ಸರಿನ ಅಗಲ 36. ಇಷ್ಟು ದುಡ್ಡು ಸುರಿದು ಚಿತ್ರದ ಅಗಲದಲ್ಲಿ ಏಳನೇ ಒಂದು ಪಾಲು ಜೇಡವೇ? ಕ್ಯಾನನ್ ಎಂಪಿ-ಇ 65 ಐದು ಪಟ್ಟು ಹಿಗ್ಗಿಸುತ್ತದೆಂದು ತಿಳಿದು ಮುಖ ಅರಳಿತು. ಆದರೆ ಅದರಲ್ಲಿ ದೂರದ್ದೇನೂ ಫೋಕಸ್ ಆಗುವುದಿಲ್ಲ. "ರೀ, ಇಷ್ಟು ದುಡ್ಡು ಕೊಟ್ಟು ನನ್ನದೊಂದು ಫೋಟೊನೂ ಬರಲ್ವಾ?" ಎಂದರು ಮನೆಯವರು. ಚಿಂತನೆ ಮೊದಲಿಂದ ಶುರುವಾಯಿತು.

ಸೆಪ್ಟೆಂಬರ್, ಅಕ್ಟೋಬರ್ ಫ್ಲಾಶಿನ ಪಾಲು. 1:1ರಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅಷ್ಟು ಹತ್ತಿರ ಹೋದಾಗ ಲೆನ್ಸೇ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಹಾಗಾಗಿ ಫ್ಲಾಶ್ ಬೇಕೇ ಬೇಕು. ರಿಂಗ್ ಫ್ಲಾಶ್ ಹಿಡಿದರೆ ನೆರಳೆಲ್ಲ ಅಳಿಸಿಹೋಗಿ ಜೇಡ ಪಾಸ್‌ಪೋರ್ಟ್ ಫೋಟೊಗೆ ಕೂತಂತೆ ಬರುತ್ತದೆ, ಎದುರಿನ ನಾಲ್ಕೂ ಕಣ್ಣಲ್ಲಿ ಒಂದೊಂದು ಬಿಳಿ ಉಂಗುರ. ಟ್ವಿನ್ ಫ್ಲಾಶಾದರೆ ನಾಲ್ಕು ಕಣ್ಣಿಗೆ ಎಂಟು ಹೊಳಪು. ನಾಲ್ಕೋ ಎಂಟೋ ಎಂಬುದು ಎರಡು ತಿಂಗಳಿಗೆ ಬಗೆಹರಿಯುವ ಪ್ರಶ್ನೆಯಲ್ಲ.

ಈ ನಡುವೆ ಪಕ್ಕದ ಶೆಡ್ಡಿನ ಫೋರ್ಕ್‌ಲಿಫ್ಟ್ ಹುಡುಗನೊಬ್ಬ ಮಾಡಿದ ಅನಾಹುತ ಹೇಳಲೇಬೇಕು. ಇದ್ದ ಹಳೇ ಝೂಮ್ ಲೆನ್ಸಿನ ಮೂತಿಗೆ ರೇನಾಕ್ಸ್ 250 ಎಂಬ ಪುಟ್ಟ ಕ್ಲಿಪ್ ಲೆನ್ಸ್ ಸಿಕ್ಕಿಸಿದ. ಹಳೇ ಫ್ಲಾಶನ್ನು ಮ್ಯಾನುಯಲ್‌ಗೆ ಹಾಕಿ ಪವರ್ ಇಳಿಸಿದ. ಹಾಲಿನ ಪ್ಲಾಸ್ಟಿಕ್ ಕ್ಯಾನು ಕತ್ತರಿಸಿ ಡಿಫ್ಯೂಸರ್ ಮಾಡಿದ. ಆಯ್ಕೆಯೇ ಇಲ್ಲ, ಚರ್ಚೆಯೇ ಇಲ್ಲ! ಭಾನುವಾರ ಕೆನ್ವಿಕ್‌ನ ಬ್ರಿಕ್ಸ್‌ಟನ್ ಸ್ಟ್ರೀಟ್ ಜೌಗಿನಲ್ಲಿ ಕೆಸರಿಗೆ ಹೊಟ್ಟೆ ಕೊಟ್ಟು ಮಲಗಿ ಹುಳ ತಿನ್ನುವ ಡ್ರಾಸೆರಾ ಗಿಡದ ಅಂಟುಹನಿಗಳನ್ನು ತೆಗೆದ. ಮುಂದಿನ ವಾರ ಬೆಟ್ಟದ ದಾರಿಯಲ್ಲಿ ಮೈಯನ್ನೇ ಹಿಂದೆಮುಂದೆ ತೂಗಿ ಫೋಕಸ್ ಮಾಡಿ, ಕುಣಿಯುವ ನವಿಲು ಜೇಡವನ್ನೂ ತಂದುಬಿಟ್ಟ. ನಮ್ಮವರು ಚಿತ್ರವನ್ನು ನೂರು ಪರ್ಸೆಂಟ್ ಹಿಗ್ಗಿಸಿ, ಮೂಲೆಯಲ್ಲಿ ನೇರಳೆ ಅಂಚು ಇರುವುದನ್ನು ಕರುಣೆಯಿಂದಲೇ ತೋರಿಸಿಕೊಟ್ಟರು.

ಡಿಸೆಂಬರಿನಲ್ಲಿ 100 ಎಂಎಂ ಲೆನ್ಸೂ ಟ್ವಿನ್ ಫ್ಲಾಶೂ ಮನೆಗೆ ಬಂದವು. ಗಂಡು ಜೇಡಗಳು ಅಷ್ಟರಲ್ಲಿ ತೀರಿಕೊಂಡಿದ್ದವು. ಕಾಯುವ ಸಂಸ್ಕಾರ ಅವಕ್ಕಿಲ್ಲ. ನಮ್ಮವರು ಎದೆಗುಂದದೆ ಊಟದ ಮೇಜಿನ ಮೇಲೆ 5 ಸೆಂಟ್ ನಾಣ್ಯ ಇಟ್ಟು ಅದರ ಮೇಲಿನ ಎಕಿಡ್ನಾವನ್ನು ಮುಳ್ಳುಮುಳ್ಳೂ ಎಣಿಸುವಂತೆ ತೆಗೆದರು. ಅದೂ ಆಸ್ಟ್ರೇಲಿಯದ ವನ್ಯಜೀವಿಯೇ; ಜಿಗಿಯುವುದಿಲ್ಲ, ಋತು ನೋಡುವುದಿಲ್ಲ. 10 ಸೆಂಟಿನ ಲೈರ್‌ಬರ್ಡ್ ಕೂಡ ಕೂದಲೆಳೆಯ ಅಂತರದಲ್ಲಿ ಚೌಕಟ್ಟಿನೊಳಗೆ ಹಿಡಿಯಿತು. 20 ಸೆಂಟಿನ ಪ್ಲಾಟಿಪಸ್ ಮಾತ್ರ ತೊಡಕಾಯಿತು. ಆ ನಾಣ್ಯದ ಅಡ್ಡಳತೆ 28.5 ಮಿಲಿಮೀಟರ್, ಸೆನ್ಸರಿನ ಎತ್ತರ 24. ಹಿಂದೆ ಸರಿದರೆ ಅದು 1:1 ಆಗುವುದಿಲ್ಲ, ತತ್ತ್ವ ಕೆಡುತ್ತದೆ. ಆದ್ದರಿಂದ ಇನ್ನೂ ದೊಡ್ಡ ಸೆನ್ಸರಿನ ಕ್ಯಾಮೆರಾ ಯಾವುದೆಂಬ ಆಯ್ಕೆ ಈಗ ಆರಂಭವಾಗಿದೆ.