ದೊರೆಗಳಿಗೊಂದು ಕೈಪಿಡಿ: ಹೆಸರನ್ನು ಗಂಟು ಹಾಕುವ ಕ್ರಮ

ಹೊಸದಾಗಿ ಪಟ್ಟಕ್ಕೆ ಬಂದ ಮಹಾಸ್ವಾಮಿಗಳಿಗೆ ವಂದನೆಗಳು. ತಾವು ಯುರೋಪಿನಲ್ಲಿ ಆರನೇ ಶತಮಾನದಿಂದ ಒಂಬತ್ತನೇ ಶತಮಾನದೊಳಗೆ ಎಲ್ಲೋ ಒಂದು ಕಡೆ ಸಿಂಹಾಸನ ಏರಿದ್ದೀರಿ ಎಂದಿಟ್ಟುಕೊಂಡು ಈ ಕೈಪಿಡಿ ಸಿದ್ಧವಾಗಿದೆ. ರಾಜ್ಯ ದೊಡ್ಡದು, ದಾರಿ ಕೆಟ್ಟದ್ದು, ಪ್ರಜೆಗಳಲ್ಲಿ ಓದು ಬಲ್ಲವರು ಬೆರಳೆಣಿಕೆ. ತಮ್ಮ ಮುಖ ಕಂಡವರು ಇನ್ನೂ ಕಡಿಮೆ. ಆದ್ದರಿಂದ ತಮಗೆ ತುರ್ತಾಗಿ ಬೇಕಾದದ್ದು ಮೊನೊಗ್ರಾಮ್. ಅಂದರೆ ಹೆಸರಿನ ಅಕ್ಷರಗಳನ್ನೆಲ್ಲ ಒಂದರ ಹೆಗಲ ಮೇಲೆ ಇನ್ನೊಂದನ್ನು ಕೂರಿಸಿ ಬಿಗಿದ ಗಂಟು.

ಬೇಕಾಗುವ ಸಾಮಾನು: ಒಂದು ಹೆಸರು, ಹದ ಮಾಡಿದ ಚರ್ಮದ ಹಾಳೆ, ಶಾಯಿ, ಬರೆಯಲು ಬಲ್ಲ ಒಬ್ಬ ಪಾದ್ರಿ. ತಮಗೂ ಅಕ್ಷರ ಬರುತ್ತಿದ್ದರೆ ಅಡ್ಡಿಯಿಲ್ಲ. ಬಾರದಿದ್ದರೂ ಕೆಲಸ ನಿಲ್ಲುವುದಿಲ್ಲ.

ಬಾರದವರು ಸಂಕೋಚಪಡಬೇಡಿ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಮೊದಲನೇ ಜಸ್ಟಿನ್‌ಗೆ ಓದು ಬರಹ ಬರುತ್ತಿರಲಿಲ್ಲವಂತೆ. ಮರದ ಪಟ್ಟಿಯಲ್ಲಿ ನಾಲ್ಕು ಲ್ಯಾಟಿನ್ ಅಕ್ಷರ ಕೊರೆದು, ಕೆನ್ನೀಲಿ ಶಾಯಿಯಲ್ಲಿ ಅದ್ದಿದ ಲೇಖನಿಯನ್ನು ಆತನಿಗೆ ಕೊಟ್ಟು, ಕೈ ಹಿಡಿದು ಆ ಕೊರೆದ ಜಾಡಿನಲ್ಲೇ ಎಳೆಸುತ್ತಿದ್ದರು ಎಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವಾಗ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುತ್ತೇವಲ್ಲ, ಥೇಟ್ ಹಾಗೆ. ಇಟಲಿಯನ್ನಾಳಿದ ಥಿಯೊಡೊರಿಕ್ ಬಗ್ಗೆಯೂ ಇದೇ ಕಥೆ ಇದೆ, ಅಲ್ಲಿ ಪಟ್ಟಿ ಚಿನ್ನದ್ದು. ಬಾಲ್ಯದ ಹತ್ತು ವರ್ಷ ಕಾನ್‌ಸ್ಟಾಂಟಿನೋಪಲಿನಲ್ಲೇ ಒತ್ತೆಯಾಳಾಗಿ ಬೆಳೆದ ಹುಡುಗನಿಗೆ ನಾಲ್ಕಕ್ಷರ ಬರಲಿಲ್ಲ ಅನ್ನುವುದನ್ನು ನಾನಂತೂ ನಂಬುವುದಿಲ್ಲ. ಪ್ರೊಕೋಪಿಯಸ್ಸನೂ ನಾಲಿಗೆಗೆ ಕಡಿವಾಣವಿಲ್ಲದ ಮನುಷ್ಯ. ಅದಿರಲಿ, ಪಟ್ಟಿಯ ಉಪಾಯ ಚೆನ್ನಾಗಿದೆ.

ಈಗ ಗಂಟು ಹಾಕುವ ಕೆಲಸ. ಮಾದರಿಗೆ ಫ್ರಾಂಕರ ದೊರೆ ಶಾರ್ಲಮೇನನ ಗುರುತನ್ನು ತೆಗೆದುಕೊಳ್ಳೋಣ. ಇದಕ್ಕಿಂತ ಅಚ್ಚುಕಟ್ಟಾದದ್ದು ಆ ಕಾಲದಲ್ಲಿ ನಾನು ಕಂಡಿಲ್ಲ. ಅವನ ಅಪ್ಪ ಪಿಪಿನ್ ಬರೀ ಒಂದು ಶಿಲುಬೆ ಗೀಚಿ ಮುಗಿಸುತ್ತಿದ್ದ. ಮಗನಿಗೆ ಅಷ್ಟು ಸಾಲಲಿಲ್ಲ. ಲ್ಯಾಟಿನ್ನಿನಲ್ಲಿ ಅವನ ಹೆಸರು ಕರೊಲುಸ್. ಮೊದಲು ಒಂದು ಶಿಲುಬೆ ಎಳೆಯಿರಿ. ಎಡತುದಿಗೆ ಕೆ, ಮೇಲ್ತುದಿಗೆ ಆರ್, ಕೆಳತುದಿಗೆ ಎಲ್, ಬಲತುದಿಗೆ ಎಸ್. ವ್ಯಂಜನಗಳು ನಾಲ್ಕೂ ನಾಲ್ಕು ದಿಕ್ಕಿನ ಕಾವಲಿಗೆ ನಿಂತವು. ಉಳಿದದ್ದು ಸ್ವರಗಳು: ಎ, ಓ, ಯು. ಇವಕ್ಕೆ ಬೇರೆ ಜಾಗ ಹುಡುಕಬೇಡಿ. ಶಿಲುಬೆಯ ನಡುವೆ ಇಸ್ಪೀಟಿನ ಡೈಮಂಡ್ ಆಕಾರದ ಒಂದು ಚೌಕ ಬರೆಯಿರಿ. ಇಡಿಯಾಗಿ ನೋಡಿದರೆ ಅದು ಓ. ಮೇಲಿನ ಅರ್ಧ ಮಾತ್ರ ನೋಡಿದರೆ ಮನೆಯ ಸೂರಿನಂತಿರುವ ಎ. ಕೆಳಗಿನ ಅರ್ಧ ನೋಡಿದರೆ ವಿ. ಆಗಿನ ಲ್ಯಾಟಿನ್ನಿನಲ್ಲಿ ಯು ಬರೆಯುತ್ತಿದ್ದುದೂ ಹಾಗೇ. ನಾಲ್ಕು ಗೆರೆಯಲ್ಲಿ ಮೂರು ಅಕ್ಷರ! ನಮ್ಮ ಒತ್ತಕ್ಷರಗಳಿಗೂ ಇಷ್ಟು ಜಿಪುಣತನ ಬಂದಿಲ್ಲ.

ಈಗ ಗಮನವಿಟ್ಟು ಕೇಳಿ, ಮಹಾಸ್ವಾಮಿ. ಇದಿಷ್ಟನ್ನೂ ಬರೆಯುವವರು ತಾವಲ್ಲ, ಗುಮಾಸ್ತ. ‘ಮಹಾವೈಭವಶಾಲಿ ದೊರೆ ಕರೊಲುಸನ ಗುರುತು’ ಎಂದು ಆಚೀಚೆ ಬರೆಯುವವನೂ ಅವನೇ. ತಮ್ಮ ಪಾಲಿಗೆ ಉಳಿಯುವುದು ಆ ಡೈಮಂಡಿನ ಒಳಗಿನ ಒಂದು ಚಿಕ್ಕ ಗೆರೆ. ಅದನ್ನು ಮಾತ್ರ ತಾವೇ ಎಳೆಯಬೇಕು. ಅದು ಬೀಳುವವರೆಗೆ ಚರ್ಮದ ಹಾಳೆ ಬರೀ ಚರ್ಮ. ಬಿದ್ದ ಮೇಲೆ ಮಠಕ್ಕೆ ಊರು ದಾನವಾಯಿತು, ಕಾಡು ಕೈಬದಲಾಯಿತು. ಶಾರ್ಲಮೇನ್ ತಲೆದಿಂಬಿನಡಿ ಬರೆಯುವ ಹಲಗೆ ಇಟ್ಟುಕೊಂಡು, ಬಿಡುವು ಸಿಕ್ಕಾಗ ಅಕ್ಷರ ತಿದ್ದುತ್ತಿದ್ದ. ತಡವಾಗಿ ಶುರುಮಾಡಿದ್ದರಿಂದ ಹೆಚ್ಚೇನೂ ಹತ್ತಲಿಲ್ಲ ಎಂದು ಅವನ ಚರಿತ್ರೆ ಬರೆದ ಐನ್‌ಹಾರ್ಡ್ ಹೇಳುತ್ತಾನೆ. ಅರ್ಧ ಯುರೋಪು ಗೆದ್ದವನು ಹಾಸಿಗೆಯಲ್ಲಿ ಕೂತು ಅಕ್ಷರ ತಿದ್ದುವ ಚಿತ್ರ ನೆನೆದರೆ ಪಾಪ ಅನ್ನಿಸುತ್ತದೆ. ಆದರೆ ಒಂದು ಗೆರೆಗೆ ಅಷ್ಟೊಂದು ಅಭ್ಯಾಸ ಬೇಕಿರಲಿಲ್ಲ. ನನ್ನ ಪೂರ್ತಿ ಸಹಿಯನ್ನೇ ‘ಹೊಂದಾಣಿಕೆ ಆಗ್ತಿಲ್ಲ ಸಾರ್’ ಎಂದು ಬ್ಯಾಂಕಿನವರು ಎರಡು ಸಲ ವಾಪಸ್ ಕಳಿಸಿದ್ದಾರೆ.

ಇಲ್ಲೊಂದು ಅಡ್ಡಮಾತು. ಶಾರ್ಲಮೇನ್ ತೀರಿಕೊಂಡದ್ದು 814ರ ಜನವರಿಯಲ್ಲಿ. ಅದೇ 814ರಲ್ಲಿ ಇತ್ತ ರಾಷ್ಟ್ರಕೂಟರ ಪಟ್ಟಕ್ಕೆ ಬಂದವನು ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ದೊಂದಿಗೆ ಹೆಸರು ಬೆಸೆದುಕೊಂಡ, ಅಕ್ಷರದ ಮರ್ಮ ಬಲ್ಲ ಈ ದೊರೆಯ ಮನೆತನದ ತಾಮ್ರಪಟಗಳ ಬಳೆಗೆ ಒತ್ತಿದ ಮುದ್ರೆಯಲ್ಲಿ ಕೂತಿರುವುದು ಗರುಡ. ಅಕ್ಷರ ಹತ್ತದವನು ಅಕ್ಷರವನ್ನೇ ಲಾಂಛನ ಮಾಡಿಕೊಂಡ. ಅಕ್ಷರ ಬಲ್ಲವನು ಹಕ್ಕಿ ಸಾಕೆಂದ. ಇಬ್ಬರಿಗೂ ಗೊತ್ತಿದ್ದ ಗುಟ್ಟು ಒಂದೇ: ಮುದ್ರೆ ಇರುವುದು ಓದಿಸುವುದಕ್ಕಲ್ಲ, ಕಂಡ ಕೂಡಲೇ ತಲೆ ಬಾಗಿಸುವುದಕ್ಕೆ.

ಗಂಟು ಸಿದ್ಧವಾದ ಮೇಲೆ ಹಂಚಬೇಕು. ಹಾಳೆ ನೋಡುವವರು ನಾಲ್ಕು ಜನ, ದುಡ್ಡು ಮುಟ್ಟುವವರು ಎಲ್ಲರೂ. ಹಾಗಾಗಿ ನೇರ ಟಂಕಸಾಲೆಗೆ ನಡೆಯಿರಿ. 794ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೇರಿದ ಸಭೆ, ದೊರೆಯ ಹೆಸರಿನ ಗುರುತಿರುವ ಹೊಸ ಬೆಳ್ಳಿ ದೆನಾರಿಯನ್ನು ಎಲ್ಲ ಊರು, ಎಲ್ಲ ಸಂತೆಯಲ್ಲೂ ತೆಗೆದುಕೊಳ್ಳಲೇಬೇಕೆಂದು ಕಟ್ಟಪ್ಪಣೆ ಮಾಡಿತು. ಬೇಡವೆಂದ ಸ್ವತಂತ್ರ ಪ್ರಜೆಗೆ 15 ಸಾಲಿಡಸ್ ದಂಡ. ಜೀತದವನಾದರೆ ಸರಕು ಹೋಯಿತು, ಇಲ್ಲವೇ ಕಂಬಕ್ಕೆ ಕಟ್ಟಿ ಹೊಡೆತ. ಒಂದು ಸಾಲಿಡಸ್ಸಿಗೆ 12 ದೆನಾರಿ. ಅದೇ ಸಭೆ ಒಂದು ದೆನಾರಿಗೆ ಎರಡೆರಡು ಪೌಂಡಿನ 12 ಗೋಧಿ ರೊಟ್ಟಿ ಎಂದು ದರವನ್ನೂ ಗೊತ್ತುಮಾಡಿತ್ತು. ಲೆಕ್ಕ ಹಾಕಿ: ದೊರೆಯ ಗಂಟನ್ನು ಕಂಡು ಮೂಗು ಮುರಿದದ್ದಕ್ಕೆ 2,160 ರೊಟ್ಟಿ. ಸಂತೆಯ ಮುದುಕಿಗೆ ಆರ್ ಯಾವುದು, ಎಲ್ ಯಾವುದು ಗೊತ್ತಿರಲಿಕ್ಕಿಲ್ಲ. ರೊಟ್ಟಿಯ ಲೆಕ್ಕ ಗೊತ್ತಿತ್ತು.

ಮೇಲೊಬ್ಬ ಯಜಮಾನ ಇದ್ದರೆ ಥಿಯೊಡೊರಿಕ್ ಮಾಡಿದಂತೆ ಮಾಡಿ. ಬೆಳ್ಳಿ ನಾಣ್ಯದ ಒಂದು ಮೈಗೆ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯ ಮುಖ, ಇನ್ನೊಂದು ಮೈಗೆ ತನ್ನ ಮೊನೊಗ್ರಾಮ್. ದೂರು ಬಂದರೆ ನಾಣ್ಯ ತಿರುಗಿಸಿ ತೋರಿಸಿದರಾಯಿತು.

ಕಟ್ಟಡ ಕಟ್ಟುವ ಶೋಕಿ ಇರುವವರು ಮಾತ್ರ ಮುಂದೆ ಓದಿ. ದಂಗೆಯಲ್ಲಿ ಸುಟ್ಟುಹೋದ ಇಗರ್ಜಿಯ ಜಾಗದಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಜಸ್ಟಿನಿಯನ್ 532ರಿಂದ 537ರೊಳಗೆ ಹಾಗಿಯಾ ಸೋಫಿಯಾ ಎಬ್ಬಿಸಿದ. ಅದರ ಕಂಬಗಳ ಬೋದಿಗೆಗಳಲ್ಲಿ, ಜಾಲರಿಯಂತೆ ಕೊರೆದ ಎಲೆಗಳ ನಡುವೆ, ಅವನ ಮತ್ತು ರಾಣಿ ಥಿಯೊಡೊರಾಳ ಮೊನೊಗ್ರಾಮ್‌ಗಳಿವೆ. ಹೆಸರುಗಳು ಷಷ್ಠೀ ವಿಭಕ್ತಿಯಲ್ಲಿವೆ: ಜಸ್ಟಿನಿಯನ್ ಅಲ್ಲ, ಜಸ್ಟಿನಿಯನ್ನನ. ಮದುವೆಮನೆಗೆ ಹೋದ ಕೊಳದಪ್ಪಲೆ ಅದಲುಬದಲಾಗದೆ ವಾಪಸ್ ಬರಲಿ ಎಂದು ನಮ್ಮಮ್ಮ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸುತ್ತಿದ್ದಳು. ಚಕ್ರವರ್ತಿಯ ಕಾಳಜಿಯೂ ಅದೇ ಜಾತಿಯದ್ದು, ಪಾತ್ರೆ ಸ್ವಲ್ಪ ದೊಡ್ಡದು. ಅಷ್ಟು ಎತ್ತರದಲ್ಲಿ, ಎಲೆಗಳ ನಡುವೆ ಅದನ್ನು ಯಾರು ಓದುತ್ತಾರೆ ಎಂದು ಕೇಳುವವರು ಮೇಲಿನ ಗರುಡನ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ.

ಕೊನೆಯದಾಗಿ ಒಂದು ಎಚ್ಚರಿಕೆ. ಮೊಮ್ಮಗನಿಗೆ ತಮ್ಮ ಹೆಸರನ್ನೇ ಇಡಬೇಡಿ. ಶಾರ್ಲಮೇನನ ವಂಶದವರು ಇಟ್ಟರು. ಬೋಳ ಚಾರ್ಲ್ಸ್ ಎಂದು ಕರೆಸಿಕೊಂಡ ಆ ಮೊಮ್ಮಗನೂ ಕರೊಲುಸನೇ. ಹೊಸ ಗಂಟು ಹಾಕುವ ತಾಪತ್ರಯವಿಲ್ಲದೆ ಅಜ್ಜನ ಗಂಟನ್ನೇ ಎತ್ತಿಕೊಂಡ. 864ರಲ್ಲಿ ನಾಣ್ಯದ ನಡುವೆ ಅದೇ ಇರಬೇಕೆಂದು ಆಜ್ಞೆಯನ್ನೂ ಹೊರಡಿಸಿದ. ಬೆಳ್ಳಿಗಣಿಗೆ ಹೆಸರಾದ ಫ್ರಾನ್ಸಿನ ಮೆಲ್ ಊರಿನ ಟಂಕಸಾಲೆಯಂತೂ ಅವರಿಬ್ಬರೂ ಮಣ್ಣಾದ ಮೇಲೂ ಅದೇ ಅಚ್ಚನ್ನು ಒತ್ತುತ್ತಲೇ ಇತ್ತು. ಹಾಗಾಗಿ ಮೆಲ್‌ನ ದೆನಾರಿ ಎಲ್ಲಾದರೂ ಮಾರಾಟಕ್ಕೆ ಕಂಡರೆ, ಅದು ಅಜ್ಜನದೋ ಮೊಮ್ಮಗನದೋ ಎಂದು ಅಂಗಡಿಯವನ ತಲೆ ತಿನ್ನಬೇಡಿ. ನಾಣ್ಯಶಾಸ್ತ್ರದ ಪಂಡಿತರೇ ಅದರ ಮೇಲೆ ಜಗಳವಾಡಿದ್ದಾರೆ.