ಹರಾಜಿನ ಹೋರಿಗಳು

(2025. ಕಾಯ್ಕಿಣಿಯ ಚಾ ಅಂಗಡಿ. ಪ್ರೊ ಕಬಡ್ಡಿ ಹರಾಜು ಮುಗಿದ ಮಾರನೇ ದಿನ.)

ಮಾವ: ಎಂತದಾ, ನಿನ್ನ ಬೆಂಗಳೂರು ಬುಲ್ಸ್ ಕಳೆದ ಸಲ 22 ಆಟದಲ್ಲಿ ಗೆದ್ದದ್ದು ಎರಡೇ!

ಅಳಿಯ: ಅದು ತಂಡ ಕಟ್ಟೋ ಹಂತ, ಮಾವಾ.

ಮಾವ: ಕಟ್ಟಿದ್ದೇ ಇತ್ತಲ್ಲ! 2019ರ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ. ಅವನನ್ನೇ ಬಿಟ್ಟರು. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಹೊತ್ತೊಯ್ದಿತು.

ಅಳಿಯ: ಹೊತ್ತೊಯ್ದು? ಮೊದಲ ಆಟದಲ್ಲೇ ಮೊಣಕಾಲು ಹೋಯ್ತು. ನಮ್ಮವರ ದೂರದೃಷ್ಟಿ ನೋಡಿ!

ಮಾವ: ಪರದೀಪ್ ನರ್ವಾಲನ್ನು 70 ಲಕ್ಷಕ್ಕೆ ತಂದು ಕೊನೇ ಸ್ಥಾನಕ್ಕಿಳಿದದ್ದೂ ದೂರದೃಷ್ಟಿಯಾ?

ಅಳಿಯ: ಈಗ ಕೋಚ್ ನಮ್ಮ ಬಿ.ಸಿ. ರಮೇಶ್.

ಮಾವ: ಬೆಂಗಾಲ್‌ಗೆ, ಪುಣೆಗೆ ಕಪ್ ಕೊಡಿಸಿ ಮುಗಿಸಿದ ಮೇಲೆ ನೆನಪಾದರಲ್ಲ! ಬಿಡು, ಚಾ ಉದ್ರಿ ಯಾರ ಲೆಕ್ಕಕ್ಕೆ?

ಅಳಿಯ: ನಿಮ್ಮ ಲೆಕ್ಕಕ್ಕೆ ಟ್ರೇಡ್ ಮಾಡಿದ್ದೇನೆ.